ಕಸೂತಿ ಹಾಕುತ್ತಾ ಬೇಳೆ ಸೀಯಿಸಿದ್ದು

ಮೊನ್ನೆ ಮತ್ತೆ ಬೇಳೆ ತಳ ಹಿಡಿಯಿತು. ತಪ್ಪು ಕಸೂತಿಯದ್ದು, ನನ್ನದಲ್ಲ! ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ ಅದು, ಮೊದಲೇ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಗಂಟೂ ಹಾಕಬಾರದು, ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬಬೇಕು, ಆಗಲೇ ಎರಡೂ ಬದಿ ಒಂದೇ ಥರ ಕಾಣೋದು. ನಡುವೆ ಒಲೆ ಯಾರಿಗೆ ನೆನಪಿರುತ್ತೆ?

ಧಾರವಾಡದ ನಮ್ಮಜ್ಜಿ ಕಪ್ಪು ಚಂದ್ರಕಾಳಿ ಸೀರೆ ಮೇಲೆ ತೇರು, ಗೋಪುರ, ತುಳಸಿಕಟ್ಟೆ ಹಾಕುತ್ತಿದ್ದರು. ಅದರಲ್ಲಿ ಮೆಂತೆ ಅಂತ ಒಂದು ಹೊಲಿಗೆ, ಗುಣಾಕಾರದ ಗುರುತಿನ ಹಾಗೆ. ಹೆಸರು ಕೇಳಿದರೇ ನನಗೆ ಹಸಿವು. ಶಾಲೆಯಿಂದ ಬಂದ ಕೂಡಲೇ ಅಜ್ಜಿ ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದು, ಮಧ್ಯಾಹ್ನದ ಜೋಳದ ರೊಟ್ಟಿ ಮುರಿದು, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಕಲಸಿ ಕೊಡುತ್ತಿದ್ದರು. "ಕೈ ತೊಳಕೊಂಡ್ ಬಾ, ಸೀರಿ ಮುಟ್ಟಬ್ಯಾಡ" ಅಂತ ಬೈಗುಳ ಬೇರೆ.

ನಾನು ಮಾಡಿದರೆ ಆ ರುಚಿ ಇಲ್ಲ. ಒರಳಲ್ಲಿ ಕುಟ್ಟಿದ ಪುಡಿ ಅದು. ಮಿಕ್ಸಿಯಲ್ಲಿ ಸ್ವಲ್ಪ ಜಾಸ್ತಿ ತಿರುಗಿದರೂ ಶೇಂಗಾ ಎಣ್ಣೆ ಬಿಟ್ಟು ಮುದ್ದೆ ಆಗುತ್ತೆ, ಅಲ್ವಾ?

ದಿಂಬಿನ ಕವರ್ ಮೇಲಿನ ತೇರಿಗೆ ಇನ್ನೊಂದು ಚಕ್ರ ಬಾಕಿ. ಸೀದ ಪಾತ್ರೆ ಇನ್ನೂ ನೆನೆಯುತ್ತಿದೆ.