ಇನ್‌ಪುಟ್ ಎರರ್ ಕಂಡಾಗ ಕೇಬಲ್‌ಗೆ ಕೈ ಹಾಕುವ ಮುನ್ನ

ಶಾಖಾ ಕಚೇರಿಯ ದೂರು ಇಷ್ಟೇ: ರಾತ್ರಿ ಪಾಳಿಯಲ್ಲಿ ಫೋನ್ ಕರೆ ಕಡಿದು ಕಡಿದು ಕೇಳುತ್ತದೆ, ಹಗಲು ಏನೂ ತೊಂದರೆಯಿಲ್ಲ. ಅಲ್ಲಿದ್ದದ್ದು ಸಿಸ್ಕೋ 2911 ರೂಟರ್. ಅದರ ಒಂದು ಗಿಗಾಬಿಟ್ ಪೋರ್ಟಿನಿಂದ ಸ್ವಿಚ್‌ಗೆ ಟ್ರಂಕ್ (ಹಲವು ವಿಎಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಲಿಂಕ್); ಸರ್ವರ್, ಸಿಬ್ಬಂದಿ, ಫೋನ್ ಈ ಮೂರೂ ವಿಎಲ್ಯಾನ್‌ಗಳಿಗೆ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ಜಾಲಗಳಿಗೆ) ಅದೇ ಪೋರ್ಟಿನ ಮೇಲೆ ಒಂದೊಂದು ಸಬ್‌ಇಂಟರ್‌ಫೇಸ್, ಅಂದರೆ ಪೋರ್ಟಿನ ತಾರ್ಕಿಕ ಭಾಗ. ಮಾನಿಟರಿಂಗ್‌ನಲ್ಲಿ ಆ ಪೋರ್ಟಿನ ಇನ್‌ಪುಟ್ ಎರರ್ (ಒಳಬರುವ ಫ್ರೇಮ್‌ಗಳಲ್ಲಿ, ಅಂದರೆ ಡೇಟಾ ತುಣುಕುಗಳಲ್ಲಿ, ಆದ ದೋಷಗಳ ಎಣಿಕೆ) ಏರುತ್ತಿದ್ದುದನ್ನು ಕಂಡು ಅಲ್ಲಿನವರು ಪ್ಯಾಚ್ ಕೇಬಲ್ ಬದಲಿಸಿ, ಸ್ವಿಚ್‌ನ ಪೋರ್ಟನ್ನೂ ಬದಲಿಸಿ ನೋಡಿದ್ದರು.

'ಶೋ ಇಂಟರ್‌ಫೇಸಸ್' ಕೊಟ್ಟಾಗ ಬಂದ ಸಾಲು ಹೀಗಿತ್ತು: ಇನ್‌ಪುಟ್ ಎರರ್ಸ್ 48213, ಸಿಆರ್‌ಸಿ 0, ಫ್ರೇಮ್ 0, ಓವರ್‌ರನ್ 48213, ಇಗ್ನೋರ್ಡ್ 0. ಇನ್‌ಪುಟ್ ಎರರ್ ಎನ್ನುವುದು ಬೇರೆ ಬೇರೆ ಕೌಂಟರ್‌ಗಳ ಮೊತ್ತ. ಮಾನಿಟರಿಂಗ್ ತೋರಿಸುವುದು ಆ ಮೊತ್ತವನ್ನು ಮಾತ್ರ, ಹಾಗಾಗಿ ಅದನ್ನು ಬಿಡಿಸಿ ನೋಡದೆ ಏನನ್ನೂ ತೀರ್ಮಾನಿಸಬಾರದು. ಕೇಬಲ್, ಕನೆಕ್ಟರ್, ಎಸ್‌ಎಫ್‌ಪಿ (ಪೋರ್ಟಿಗೆ ಸಿಕ್ಕಿಸುವ ಟ್ರಾನ್ಸ್‌ಸೀವರ್) ಕೆಟ್ಟಿದ್ದರೆ ಸಿಆರ್‌ಸಿ, ಅಂದರೆ ದಾರಿಯಲ್ಲಿ ಕೆಟ್ಟು ಬಂದ ಫ್ರೇಮ್‌ಗಳ ಎಣಿಕೆ, ಏರುತ್ತದೆ. ಒಂದು ಕಡೆ ಫುಲ್ ಡ್ಯೂಪ್ಲೆಕ್ಸ್ (ಕಳಿಸುವುದು, ಪಡೆಯುವುದು ಏಕಕಾಲಕ್ಕೆ), ಇನ್ನೊಂದು ಕಡೆ ಹಾಫ್ (ಒಂದು ಸಲಕ್ಕೆ ಒಂದು ಮಾತ್ರ) ಆಗಿದ್ದರೆ ಫುಲ್ ಇರುವ ಕಡೆ ಸಿಆರ್‌ಸಿ, ರಂಟ್ (ತುಂಡಾದ ಚಿಕ್ಕ ಫ್ರೇಮ್) ಏರುತ್ತವೆ. ಹಾಫ್ ಇರುವ ಕಡೆ ಲೇಟ್ ಕೊಲಿಜನ್ (ತಡವಾಗಿ ಆಗುವ ಡಿಕ್ಕಿ) ಕಾಣುತ್ತದೆ. ಇಲ್ಲಿ ಸಿಆರ್‌ಸಿ ಸೊನ್ನೆ. ಅಂದರೆ ಫ್ರೇಮ್‌ಗಳು ತಂತಿಯಲ್ಲಿ ಸರಿಯಾಗಿಯೇ ಬಂದಿವೆ, ಅವುಗಳನ್ನು ಬಫರ್‌ಗೆ ಸೇರಿಸಲು ಪೋರ್ಟಿನ ಹಾರ್ಡ್‌ವೇರ್‌ಗೆ ಸಾಧ್ಯವಾಗಿಲ್ಲ. ಓವರ್‌ರನ್ ಹೇಳುವುದು ಇದನ್ನೇ.

ಕೌಂಟರ್‌ಗಳು ಹಳೆಯವೂ ಆಗಿರಬಹುದು. ಅದಕ್ಕೇ 'ಕ್ಲಿಯರ್ ಕೌಂಟರ್ಸ್' ಕೊಟ್ಟು, ತೊಂದರೆ ಬರುವ ಹೊತ್ತಿನಲ್ಲೇ ಮತ್ತೆ ನೋಡಬೇಕು. (ಈ ಕಮಾಂಡ್‌ನಿಂದ ಮಾನಿಟರಿಂಗ್ ಓದುವ ಎಸ್‌ಎನ್‌ಎಂಪಿ ಕೌಂಟರ್ ಸೊನ್ನೆಯಾಗುವುದಿಲ್ಲ, ಗ್ರಾಫ್ ಹಾಳಾಗುತ್ತದೆಂದು ಹೆದರಬೇಕಿಲ್ಲ.) ರಾತ್ರಿ ಸಿಬ್ಬಂದಿಯ ಕಂಪ್ಯೂಟರ್‌ಗಳ ಬ್ಯಾಕಪ್ ಶುರುವಾದ ಕೂಡಲೇ ಓವರ್‌ರನ್ ಏರತೊಡಗಿತು.

ಆದರೆ ಇಂಟರ್‌ಫೇಸ್ ತೋರಿಸುತ್ತಿದ್ದ ಇನ್‌ಪುಟ್ ರೇಟ್ ಸುಮಾರು 140 ಎಂಬಿಪಿಎಸ್ ಅಷ್ಟೇ. ಗಿಗಾಬಿಟ್ ಪೋರ್ಟ್ 140ಕ್ಕೇ ತುಂಬುತ್ತದೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಅಂಕಿ 5 ನಿಮಿಷದ ಸರಾಸರಿ. 'ಲೋಡ್-ಇಂಟರ್ವಲ್ 30' ಹಾಕಿದರೂ ಅದು 30 ಸೆಕೆಂಡಿನ ಸರಾಸರಿಯೇ ಹೊರತು ಕ್ಷಣದ ಲೆಕ್ಕವಲ್ಲ. ಪೂರ್ತಿ ಗಿಗಾಬಿಟ್ ವೇಗದಲ್ಲಿ ಬರುವ ಡೇಟಾ 64 ಕೆಬಿ ಬಫರನ್ನು ತುಂಬಲು ಅರ್ಧ ಮಿಲಿಸೆಕೆಂಡ್ ಸಾಕು. ಅಷ್ಟರೊಳಗೆ ಸಿಪಿಯು ಅದನ್ನು ಖಾಲಿ ಮಾಡದಿದ್ದರೆ ಮುಂದಿನ ಫ್ರೇಮ್‌ಗೆ ಜಾಗವಿಲ್ಲ. ಫ್ರೇಮ್ ಗಾತ್ರವನ್ನೂ ಗಮನಿಸಬೇಕು: ಗಿಗಾಬಿಟ್ ಲಿಂಕಿನಲ್ಲಿ 1518 ಬೈಟ್‌ನ ಫ್ರೇಮ್‌ಗಳು ಸೆಕೆಂಡಿಗೆ ಹೆಚ್ಚೆಂದರೆ 81,274 ಬರುತ್ತವೆ, 64 ಬೈಟ್‌ನವು 14,88,095. ಸಾಫ್ಟ್‌ವೇರ್‌ನಲ್ಲಿ ಪ್ಯಾಕೆಟ್ ಸಾಗಿಸುವ ರೂಟರ್‌ಗೆ ಎಂಬಿಪಿಎಸ್‌ಗಿಂತ ಪ್ಯಾಕೆಟ್‌ಗಳ ಸಂಖ್ಯೆಯೇ ಭಾರ.

'ಶೋ ಪ್ರೋಸೆಸಸ್ ಸಿಪಿಯು ಸಾರ್ಟೆಡ್' ಕೊಟ್ಟಾಗ ಮೊದಲ ಸಾಲಿನಲ್ಲಿ 91%/84% ಎಂದಿತ್ತು. ಮೊದಲನೆಯದು ಒಟ್ಟು ಬಳಕೆ. ಎರಡನೆಯದು ಅದರಲ್ಲಿ ಇಂಟರಪ್ಟ್‌ನ ಪಾಲು, ಅಂದರೆ ಪ್ಯಾಕೆಟ್ ಸಾಗಿಸಲು ಹೋದದ್ದು. ಇವೆರಡರ ನಡುವೆ ದೊಡ್ಡ ಅಂತರವಿದ್ದರೆ ಯಾವುದೋ ಪ್ರೋಸೆಸ್ ಸಿಪಿಯು ತಿನ್ನುತ್ತಿದೆ ಎಂದರ್ಥ. ಆಗ 'ಶೋ ಇಂಟರ್‌ಫೇಸಸ್ ಸ್ಟ್ಯಾಟ್ಸ್'ನಲ್ಲಿ ಪ್ರೊಸೆಸರ್ ಸಾಲು ಉಬ್ಬಿದೆಯೇ, ಎಸಿಎಲ್ (ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ) ಸಾಲಿನ ಕೊನೆಯಲ್ಲಿ ಯಾರಾದರೂ 'ಲಾಗ್' ಸೇರಿಸಿದ್ದಾರೆಯೇ, ಸಿಇಎಫ್ (ಪ್ಯಾಕೆಟ್ ಬೇಗ ಸಾಗಿಸುವ ಸಿಸ್ಕೋ ವಿಧಾನ) ಆಫ್ ಮಾಡಲಾಗಿದೆಯೇ ಎಂದು ನೋಡಬೇಕು. ಇಲ್ಲಿ ಅಂಥದ್ದೇನೂ ಇರಲಿಲ್ಲ. ರೂಟರ್ ತನ್ನ ಕೆಲಸವನ್ನೇ ಮಾಡುತ್ತಿತ್ತು, ಕೆಲಸವೇ ವಿಪರೀತವಾಗಿತ್ತು. ಸಿಬ್ಬಂದಿಯ ಕಂಪ್ಯೂಟರ್‌ಗಳ ಬ್ಯಾಕಪ್ ಒಂದು ವಿಎಲ್ಯಾನ್‌ನಿಂದ ಇನ್ನೊಂದಕ್ಕೆ ಹೋಗಬೇಕಾದ್ದರಿಂದ ಪ್ರತಿ ಪ್ಯಾಕೆಟ್ಟೂ ಅದೇ ಪೋರ್ಟಿನಲ್ಲಿ ಒಳಗೆ ಬಂದು ಅದರಲ್ಲೇ ಹೊರಗೆ ಹೋಗುತ್ತಿತ್ತು. ಫೋನಿನ ಪ್ಯಾಕೆಟ್‌ಗಳು ಸಾಯುತ್ತಿದ್ದುದೂ ಆ ಬಾಗಿಲಲ್ಲೇ.

'ಹೋಲ್ಡ್-ಕ್ಯೂ ಇನ್' (ಒಳಬಂದ ಪ್ಯಾಕೆಟ್‌ಗಳು ಕಾಯುವ ಸಾಲಿನ ಉದ್ದ) ಅನ್ನು 75ರಿಂದ ಏರಿಸೋಣ ಎಂಬ ಸಲಹೆ ಬಂತು. ಇದು ಬಹಳ ಕಡೆ ಕೇಳುವ ಸಲಹೆ, ಓವರ್‌ರನ್‌ಗೆ ಮಾತ್ರ ಇದರಿಂದ ಉಪಯೋಗವಿಲ್ಲ. ಆ ಕ್ಯೂ ಇರುವುದು ಬಫರ್ ದಾಟಿದ ನಂತರ. ಅದು ತುಂಬಿದರೆ ಏರುವುದು ಇನ್‌ಪುಟ್ ಕ್ಯೂ ಡ್ರಾಪ್ಸ್. ಹಾಗೆಯೇ ರೂಟರ್‌ನಲ್ಲಿ ಕ್ಯೂಒಎಸ್ (ಟ್ರಾಫಿಕ್‌ಗೆ ಆದ್ಯತೆ ಹಂಚುವ) ಪಾಲಿಸಿ ಹಾಕಿಯೂ ಪ್ರಯೋಜನವಿಲ್ಲ, ಏಕೆಂದರೆ ಇದು ಫೋನಿನ ಪ್ಯಾಕೆಟ್, ಇದು ಬ್ಯಾಕಪ್‌ನದು ಎಂದು ಗುರುತಿಸುವ ಮೊದಲೇ ಫ್ರೇಮ್ ಹೋಗಿರುತ್ತದೆ. ಪಾಝ್ ಫ್ರೇಮ್ (pause, 'ಸ್ವಲ್ಪ ನಿಲ್ಲು' ಎನ್ನುವ ಸಂದೇಶ) ಕಳಿಸಿ ಸ್ವಿಚ್ಚನ್ನು ತಡೆಯಬಹುದೇ ಎಂದು ನೋಡಿದರೆ ಇಂಟರ್‌ಫೇಸ್ ಫ್ಲೋ ಕಂಟ್ರೋಲ್ 'ಅನ್‌ಸಪೋರ್ಟೆಡ್' ಎಂದಿತು. ಇದ್ದಿದ್ದರೂ ಪಾಝ್ ಫ್ರೇಮ್ ಇಡೀ ಲಿಂಕನ್ನು ನಿಲ್ಲಿಸುತ್ತದೆ, ಧ್ವನಿಯನ್ನೂ ಸೇರಿಸಿ.

ಹಾಗಾಗಿ ತಡೆಯಬೇಕಾದ್ದು ಸ್ವಿಚ್ ಹೊರಬಿಡುವ ಕಡೆ. ಅಲ್ಲಿದ್ದ ಕ್ಯಾಟಲಿಸ್ಟ್ 3560 ಸ್ವಿಚ್‌ನ ಟ್ರಂಕ್ ಪೋರ್ಟಿನಲ್ಲಿ 'ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಲಿಮಿಟ್ 20' ಹಾಕಿ ಹೊರಹೋಗುವ ವೇಗವನ್ನು ಪೋರ್ಟಿನ ವೇಗದ ಶೇಕಡಾ 20ಕ್ಕೆ ಕಟ್ಟಿ, 'ಪ್ರಯಾರಿಟಿ-ಕ್ಯೂ ಔಟ್'ನಿಂದ ಧ್ವನಿಗೆ ಆದ್ಯತೆ ಕೊಟ್ಟದ್ದು ತಾತ್ಕಾಲಿಕ ಪರಿಹಾರ. ಲಿಮಿಟ್‌ಗೆ 10ರಿಂದ 90ರವರೆಗಿನ ಶೇಕಡಾ ಕೊಡಬಹುದು, ಹಾರ್ಡ್‌ವೇರ್ ಅದನ್ನು ಕರಾರುವಾಕ್ಕಾಗಿ ಪಾಲಿಸುವುದಿಲ್ಲ. ಇದರಿಂದ ಡ್ರಾಪ್ ಮಾಯವಾಗದು. ಸ್ವಿಚ್‌ನ ಔಟ್‌ಪುಟ್ ಡ್ರಾಪ್ಸ್‌ಗೆ ವರ್ಗವಾಗುತ್ತದೆ. ಆದರೆ ಅಲ್ಲಿ ಯಾವುದನ್ನು ಬಿಡಬೇಕೆಂದು ನಾವು ಹೇಳಬಹುದು. ಬ್ಯಾಕಪ್‌ನ ಟಿಸಿಪಿ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಕರೆಗಳು ಉಳಿಯುತ್ತವೆ.

ಶಾಶ್ವತ ಪರಿಹಾರಕ್ಕೆ ಹೊಸ ರೂಟರ್ ಬೇಕಾಗಲಿಲ್ಲ. ಸ್ವಿಚ್‌ನಲ್ಲಿ 'ಐಪಿ ರೂಟಿಂಗ್' ಹಾಕಿ, ಮೂರೂ ವಿಎಲ್ಯಾನ್‌ಗಳ ಗೇಟ್‌ವೇ ವಿಳಾಸಗಳನ್ನು ಸಬ್‌ಇಂಟರ್‌ಫೇಸ್‌ನಿಂದ ತೆಗೆದು ಸ್ವಿಚ್‌ನ ಎಸ್‌ವಿಐಗಳಿಗೆ (ಸ್ವಿಚ್‌ನೊಳಗೆ ಪ್ರತಿ ವಿಎಲ್ಯಾನ್‌ಗೆ ಇರುವ ತಾರ್ಕಿಕ ಇಂಟರ್‌ಫೇಸ್‌ಗಳಿಗೆ) ಕೊಟ್ಟು, ರೂಟರ್ ಕಡೆಗೆ ಒಂದು /30 ಲಿಂಕ್ (ಎರಡೇ ವಿಳಾಸಗಳ ಪುಟ್ಟ ಜಾಲ) ಮತ್ತು ಡೀಫಾಲ್ಟ್ ರೂಟ್ ಇಟ್ಟರೆ ವಿಎಲ್ಯಾನ್‌ಗಳ ನಡುವಿನ ಬ್ಯಾಕಪ್ ರೂಟರ್‌ಗೆ ಬರುವುದೇ ಇಲ್ಲ. ಮೂರೂ ಸಬ್‌ನೆಟ್‌ಗಳಿಗೆ ಸ್ವಿಚ್ ಕಡೆ ತೋರಿಸುವ ಸ್ಟ್ಯಾಟಿಕ್ ರೂಟನ್ನು ರೂಟರ್‌ನಲ್ಲಿ ಹಾಕಬೇಕು, ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ರೂಟರ್‌ನಲ್ಲೇ ಇದ್ದರೆ ಪ್ರತಿ ಎಸ್‌ವಿಐಯಲ್ಲಿ 'ಐಪಿ ಹೆಲ್ಪರ್-ಅಡ್ರೆಸ್' ಕೊಡಬೇಕು. ಇದನ್ನು ಮರೆತರೆ ಮರುದಿನ ಬೆಳಿಗ್ಗೆ ಯಾರ ಕಂಪ್ಯೂಟರ್‌ಗೂ ವಿಳಾಸ ಸಿಗುವುದಿಲ್ಲ.