ಹೊರೋ ಮಿಷಿನ್ ಬೇರೆ, ಆಡೋ ಮಿಷಿನ್ ಬೇರೆ

ಜನವರಿ 10, 2026, ಶನಿವಾರ
ಬನಶಂಕರಿ, ಬೆಂಗಳೂರು

ರಾತ್ರಿ ಹನ್ನೊಂದು ದಾಟಿದೆ. ಹೊಸ ಡೆಸ್ಕ್‌ಟಾಪ್ ಕಂಪ್ಯೂಟರ್ ಮೇಜಿನ ಮೇಲೆ ಕೂತಿದೆ, ಆದರೆ ಪ್ಲಗ್ ಹಾಕಿಲ್ಲ. ಬೆಳಗ್ಗೆವರೆಗೂ ಮುಟ್ಟಬೇಡ ಅಂತ ಹೇಳಿ ಅಪ್ಪ ಮಲಗಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ. ಹಳೇ ಲ್ಯಾಪ್‌ಟಾಪ್ ತೆಗೆದು ಇದನ್ನು ಬರೆಯುತ್ತಿದ್ದೇನೆ.

ಇಂಜಿನಿಯರಿಂಗ್ ಸೀಟು ಸಿಕ್ಕ ದಿನವೇ ಗೇಮಿಂಗ್ ಲ್ಯಾಪ್‌ಟಾಪ್ ಕೇಳಿದ್ದೆ. ಓದೋದಕ್ಕೂ ಆಯಿತು, ಆಡೋದಕ್ಕೂ ಆಯಿತು, ಖರ್ಚು ಒಂದೇ ಅನ್ನೋದು ನನ್ನ ವಾದ. ಚೀಟಿ ಎತ್ತೋದು ಡಿಸೆಂಬರ್‌ನಲ್ಲಿ, ಅಲ್ಲೀವರೆಗೂ ಅಣ್ಣನ ಲ್ಯಾಪ್‌ಟಾಪ್ ಬಳಸು ಅಂದರು ಅಮ್ಮ. ಅಣ್ಣ ಅಂದರೆ ಚಿಕ್ಕಪ್ಪನ ಮಗ. ಒಂದು ಸೆಮಿಸ್ಟರ್ ಪೂರ್ತಿ ಅದರಲ್ಲೇ ಕಳೆಯಿತು. ಆಗಸ್ಟ್‌ನಲ್ಲೇ ಕೈಯಲ್ಲಿ ದುಡ್ಡಿದ್ದಿದ್ದರೆ ನನಗೆ ಹೊಂದದ ಮಿಷಿನ್ ತಂದುಬಿಡುತ್ತಿದ್ದೆ ಅಂತ ಈಗ ಗೊತ್ತಾಗುತ್ತಿದೆ.

ಈ ಲ್ಯಾಪ್‌ಟಾಪ್ 2017ರದ್ದು. ಏಳನೇ ಜನರೇಷನ್ ಐ5, 8 ಜಿಬಿ ರ‍್ಯಾಮ್. ಆನ್ ಆಗೋಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಅಪ್ಪ ಹಿಂದಿನ ಮುಚ್ಚಳ ಬಿಚ್ಚಿ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದರು, ಅಷ್ಟಕ್ಕೇ ಜೀವ ಬಂತು. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್ ಆದರೂ ಬೇಕು. ಒಂದೇ ಒಂದು ಜನರೇಷನ್‌ನಲ್ಲಿ ತಪ್ಪಿತು. ವಿಂಡೋಸ್ ಬದಲು ದುಡ್ಡಿಲ್ಲದೇ ಸಿಗೋ ಉಬುಂಟು ಹಾಕಿಕೊಂಡೆ. ಮೊದಲ ವರ್ಷದ ಸಿ ಪ್ರೋಗ್ರಾಂ, ಪೈಥಾನ್, ಲ್ಯಾಬ್ ರೆಕಾರ್ಡ್ ಯಾವುದಕ್ಕೂ ಇದು ಸಾಲಲಿಲ್ಲ ಅಂತ ಆಗಲೇ ಇಲ್ಲ. ಇದರಲ್ಲಿ ಆಗದೇ ಇದ್ದಿದ್ದು ಗೇಮ್ ಮಾತ್ರ.

ಕ್ಲಾಸಿನಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ತರುವವರನ್ನೂ ಐದು ತಿಂಗಳು ನೋಡಿದೆ. ಎರಡೂಕಾಲು ಕೆಜಿಯ ಮಿಷಿನ್, ಮೇಲೆ ಇಟ್ಟಿಗೆಯಂಥ ಚಾರ್ಜರ್. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಖಾಲಿ. ನಮ್ಮ ರೂಮಿನಲ್ಲಿ ಕೆಲಸ ಮಾಡೋ ಪ್ಲಗ್ ಪಾಯಿಂಟ್ ಎರಡೇ, ಅದಕ್ಕೆ ದಿನಾ ಜಗಳ. ದಾವಣಗೆರೆಯಿಂದ ಬಂದು ಪಿಜಿಯಲ್ಲಿರುವ ನನ್ನ ಗೆಳತಿಗೆ ಮಾತ್ರ ಅದೇ ಸರಿ. ಅವಳಿಗೆ ಇರೋದು ಒಂದು ಮಂಚ, ಒಂದು ಕಪಾಟು, ರಜಕ್ಕೆ ಊರಿಗೂ ಹೊತ್ತುಕೊಂಡು ಹೋಗಬೇಕು. ನಾನು ದಿನಾ ಸಂಜೆ ಮನೆಗೆ ಬರುವವಳು. ನಾನು ಯಾಕೆ ಅಷ್ಟು ಭಾರ ಹೊತ್ತು ಮೆಟ್ರೋದಲ್ಲಿ ನಿಲ್ಲಬೇಕು?

ಇನ್ನೊಂದು ವಿಷಯ ಓದಿದ ಮೇಲಂತೂ ಮನಸ್ಸು ಪೂರ್ತಿ ಡೆಸ್ಕ್‌ಟಾಪ್ ಕಡೆ ವಾಲಿತು. ಗೇಮ್‌ನ ಚಿತ್ರ ಮೂಡಿಸೋದು ಗ್ರಾಫಿಕ್ಸ್ ಕಾರ್ಡ್. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5060 ಅನ್ನೋ ಕಾರ್ಡಿನ ಹೆಸರು ಲ್ಯಾಪ್‌ಟಾಪಿಗೂ ಇದೆ, ಡೆಸ್ಕ್‌ಟಾಪಿಗೂ ಇದೆ, ಆದರೆ ಎರಡರ ಶಕ್ತಿ ಒಂದೇ ಅಲ್ಲ. ಡೆಸ್ಕ್‌ಟಾಪ್ ಕಾರ್ಡ್‌ನಲ್ಲಿ ಲೆಕ್ಕ ಮಾಡೋ ಕೋರ್ 3840, ಅದು 145 ವಾಟ್ ಎಳೆಯುತ್ತದೆ. ಲ್ಯಾಪ್‌ಟಾಪಿನದರಲ್ಲಿ 3328 ಕೋರ್, ವಾಟ್ 45ರಿಂದ 100ರ ತನಕ ಎಲ್ಲಿ ಬೇಕಾದರೂ ಇರಬಹುದು, ಅದನ್ನು ತೀರ್ಮಾನ ಮಾಡೋದು ಲ್ಯಾಪ್‌ಟಾಪ್ ಕಂಪನಿ. ವಾಟ್ ಇಳಿದರೆ ವೇಗವೂ ಇಳಿಯುತ್ತದೆ. ಹೋದ ವಾರ ಒಂದು ಶೋರೂಮಿನಲ್ಲಿ 'ಇದು ಎಷ್ಟು ವಾಟಿಂದು?' ಅಂತ ಕೇಳಿದರೆ ಆ ಹುಡುಗ ಡಬ್ಬದ ಮೇಲಿನ ಸ್ಟಿಕ್ಕರ್ ತೋರಿಸಿದ. ಸ್ಟಿಕ್ಕರ್ ಮೇಲೆ ವಾಟ್ ಇರಲಿಲ್ಲ.

ಇವತ್ತು ಬೆಳಗ್ಗೆ ಅಪ್ಪನ ಜೊತೆ ಹೊರಟೆ. ಚಿಕ್ಕಪೇಟೆ ಸ್ಟೇಷನ್‌ನಲ್ಲಿ ಇಳಿದು, ಅವೆನ್ಯೂ ರಸ್ತೆ ದಾಟಿ ಎಸ್‌ಪಿ ರಸ್ತೆ. ಅಪ್ಪ ಎಲೆಕ್ಟ್ರಿಷಿಯನ್, ವೈರು ಸ್ವಿಚ್ಚು ತರೋದಕ್ಕೆ ಮೂವತ್ತು ವರ್ಷದಿಂದ ಈ ಕಡೆ ಓಡಾಡಿದವರು. ಅದು ಸಾದರ ಪತ್ರಪ್ಪ ರಸ್ತೆ ಅಂತ ನನಗೆ ಚಿಕ್ಕವಳಿದ್ದಾಗಲೇ ಹೇಳಿಕೊಟ್ಟಿದ್ದರು.

ಅಂಗಡಿಯವರು ಶುರುವಿನಿಂದಲೂ ಅಪ್ಪನ ಮುಖ ನೋಡಿಯೇ ಮಾತಾಡುತ್ತಿದ್ದರು. "ಸಾರ್, ಬಜೆಟ್ ಎಷ್ಟು? ಮಗಳು ಏನ್ ಓದ್ತಾ ಇದಾಳೆ ಸಾರ್?" ಅಪ್ಪ ಸ್ಟೂಲ್ ಎಳೆದುಕೊಂಡು ಕೂತು, "ಮಿಷಿನ್ ಅವಳದ್ದು, ಅವಳನ್ನೇ ಕೇಳಿ" ಅಂದುಬಿಟ್ಟರು. ಎದೆ ಡವಡವ ಅಂತಿತ್ತು. ಬೇಕಾದ್ದರ ಪಟ್ಟಿ ಬರೆದುಕೊಂಡು ಹೋಗಿದ್ದು ಒಳ್ಳೆಯದಾಯಿತು. ರೈಜನ್ 5 7600 ಪ್ರೊಸೆಸರ್, ಅದು ಕೂರೋ ಎಎಂ5 ಮದರ್‌ಬೋರ್ಡ್, 5060 ಕಾರ್ಡ್, 24 ಇಂಚಿನ ಮಾನಿಟರ್. ಅದೇ ದುಡ್ಡಿಗೆ ಎಎಂಡಿ ಕಾರ್ಡ್ ಒಳ್ಳೇದು ಬರುತ್ತೆ ಅಂದರು. ಗೇಮ್ ಒಂದೇ ಆಗಿದ್ದರೆ ತಗೊಳ್ಳುತ್ತಿದ್ದೆನೇನೋ. ಮೂರನೇ ವರ್ಷಕ್ಕೆ ಮೆಷಿನ್ ಲರ್ನಿಂಗ್ ಬರುತ್ತದೆ, ಅಲ್ಲಿ 'ಕುಡಾ' (CUDA) ಅನ್ನೋ ಸಾಫ್ಟ್‌ವೇರ್ ಬೇಕು, ಅದು ಎನ್‌ವಿಡಿಯಾ ಕಾರ್ಡಿನಲ್ಲಿ ಮಾತ್ರ ಓಡುತ್ತದೆ ಅಂದೆ. ಆಮೇಲಿಂದ ಅವರು ನನ್ನ ಕಡೆ ತಿರುಗಿಯೇ ಮಾತಾಡಿದರು.

ಹೊಟ್ಟೆ ಉರಿದಿದ್ದು ರ‍್ಯಾಮ್ ರೇಟ್ ಕೇಳಿ. ಆಗಸ್ಟ್‌ನಲ್ಲಿ ನಾನು ಬರೆದಿಟ್ಟುಕೊಂಡಿದ್ದಕ್ಕೆ ಸುಮಾರು ಮೂರು ಪಟ್ಟು. ಜಗತ್ತಿಗೆ ಬೇಕಾದ ಮೆಮೊರಿ ಚಿಪ್‌ನಲ್ಲಿ ಹೆಚ್ಚಿನ ಪಾಲು ಮಾಡೋದು ಮೂರೇ ಕಂಪನಿ. ಎಐ ಡೇಟಾ ಸೆಂಟರ್‌ಗಳ ಆರ್ಡರ್ ಬಂದು ಫ್ಯಾಕ್ಟರಿಗಳು ಆ ಕಡೆ ತಿರುಗಿಕೊಂಡಿವೆ, ನಮ್ಮಂಥವರಿಗೆ ಉಳಿಯೋದು ಕಡಿಮೆ. ಕಾದಿದ್ದಕ್ಕೆ ನಾನು ಕೊಟ್ಟ ಬೆಲೆ ಇದು. 32 ಜಿಬಿ ಆಸೆ ಬಿಟ್ಟೆ. ಎಂಟೆಂಟು ಜಿಬಿಯ ಎರಡು ಕಡ್ಡಿ ಹಾಕಿದರೆ ಡ್ಯುಯಲ್ ಚಾನೆಲ್ ಆಗಿ, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೇ ಡೇಟಾ ಓಡಾಡಿ, ಗೇಮ್ ಸ್ವಲ್ಪ ಚುರುಕಾಗುತ್ತೆ ಅಂತ ಅಂಗಡಿಯವರು ಹೇಳಿದ್ದು ನಿಜ. ಆದರೂ 16ರದ್ದು ಒಂದೇ ಕಡ್ಡಿ ತಗೊಂಡೆ. ರೇಟು ಇಳಿದಾಗ ಪಕ್ಕದಲ್ಲಿ ಇನ್ನೊಂದು ಕೂರಿಸಬಹುದು, ಇದನ್ನು ಕಿತ್ತು ಹಾಕಬೇಕಾಗಿಲ್ಲ.

ಯುಪಿಎಸ್ ವಿಷಯಕ್ಕೆ ಅಪ್ಪ ಸ್ಟೂಲಿಂದ ಎದ್ದು ಬಂದರು. ಅಂಗಡಿಯವರು 600 ವಿಎ ಸಾಕು ಅಂದರು.

"600 ವಿಎ ಅಂದ್ರೆ 360 ವಾಟ್ ಕೊಡುತ್ತೆ ಅಷ್ಟೇ ಅಲ್ವಾ? ಪುಟ್ಟಿ, ನಿಂದು ಎಲ್ಲಾ ಸೇರಿ ಎಷ್ಟಾಗುತ್ತೆ?"

ಕಾರ್ಡ್ 145, ಪ್ರೊಸೆಸರ್ ಗಟ್ಟಿಯಾಗಿ ದುಡಿದರೆ 88, ಮಾನಿಟರ್, ಬೋರ್ಡು, ಫ್ಯಾನು ಎಲ್ಲಾ ಕೂಡಿಸಿ 300ರ ಹತ್ತಿರ ಅಂದೆ. "ಅಷ್ಟು ಅಂಚಿಗೆ ತಗೊಂಡ್ರೆ ಕರೆಂಟ್ ಹೋದಾಗ ಅದೂ ಹೋಗುತ್ತೆ ಕಣಮ್ಮ" ಅಂತ 1000 ವಿಎದು ಹಾಕಿಸಿದರು. ಆ ವ್ಯತ್ಯಾಸದ ದುಡ್ಡಿಗೆ ಎಸ್‌ಎಸ್‌ಡಿ 1 ಟಿಬಿ ಇದ್ದಿದ್ದು 500 ಜಿಬಿ ಆಯಿತು. ನಾನು ತುಟಿಪಿಟಿಕ್ಕೆನ್ನಲಿಲ್ಲ, ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಸಂಜೆ ಹೊತ್ತು ಎಷ್ಟು ಸಲ ಕರೆಂಟ್ ಹೋಗುತ್ತೆ ಅಂತ ನನಗೂ ಗೊತ್ತು. ಅಮ್ಮನ ಚೀಟಿಯ ಒಂದು ಲಕ್ಷ ಅಲ್ಲಿಗೆ ಸರಿಹೋಯಿತು. ಜೋಡಿಸಿ ಕೊಡೋದಕ್ಕೆ ಎರಡು ಗಂಟೆ ಹಿಡಿಯಿತು. ವಾಪಸ್ ಬರೋವಾಗ ಮಾತ್ರ ಆಟೋ. ದಾರಿಯುದ್ದಕ್ಕೂ ಕ್ಯಾಬಿನೆಟ್ ಅಪ್ಪನ ತೊಡೆ ಮೇಲೆ.

ಐದೈದು ಜನರ ತಂಡ ಕಟ್ಟಿ ಆಡೋ ವ್ಯಾಲರಂಟ್ ಗೇಮ್ ಇವತ್ತೇ ಆಡೋಣ ಅಂತ ಗೆಳತಿಯರಿಗೆ ಹೇಳಿಬಿಟ್ಟಿದ್ದೆ. ಅದು ಉಬುಂಟುವಿನಲ್ಲಿ ಓಡಲ್ಲ, ಐದು ತಿಂಗಳಿಂದ ನಾನಿಲ್ಲದೇ ನಾಲ್ಕೇ ಜನ ಆಡುತ್ತಿದ್ದಾರೆ. ಅಪ್ಪ ಮಾತ್ರ ಪ್ಲಗ್ ಹಾಕೋಕೆ ಮುಂಚೆ ಟೆಸ್ಟ್ ಲ್ಯಾಂಪ್ ತಂದರು. ಒಂದು ವೈರು ಫೇಸಿಗೆ, ಇನ್ನೊಂದು ಅರ್ತಿಗೆ. ಬಲ್ಬ್ ಹೊತ್ತಲಿಲ್ಲ. ಹಳೇ ಬಾಡಿಗೆ ಮನೆ, ನನ್ನ ರೂಮಿನ ಬೋರ್ಡಿಗೆ ಅರ್ತ್ ವೈರನ್ನೇ ಎಳೆದಿಲ್ಲ. ಹದಿನೆಂಟು ವರ್ಷ ಈ ರೂಮಿನಲ್ಲಿ ಇದ್ದಿದ್ದು ಫ್ಯಾನು, ಫೋನ್ ಚಾರ್ಜರು, ಅವು ಅರ್ತ್ ಇಲ್ಲದೆಯೂ ಓಡುತ್ತಿದ್ದವು. ಅಪ್ಪ ಬಹಳ ಹೊತ್ತು ಬೋರ್ಡ್ ಬಿಚ್ಚಿಟ್ಟುಕೊಂಡು ಹಾಗೇ ಕೂತಿದ್ದರು. "ಊರಿನ ಮನೆಗಳಿಗೆಲ್ಲಾ ಅರ್ತ್ ಹಾಕ್ತೀನಿ" ಅಂತ ಮೆಲ್ಲಗೆ ಅಂದರು.

ಹಸಿರು ವೈರಿನ ಸುರುಳಿ ಬಾಗಿಲ ಹತ್ತಿರ ತೆಗೆದಿಟ್ಟಿದ್ದಾರೆ. ಬೆಳಗ್ಗೆ ಆರಕ್ಕೆ ಶುರು ಮಾಡೋಣ, ನೀನು ಏಣಿ ಹಿಡ್ಕೋ ಅಂದಿದ್ದಾರೆ. ಅಲಾರಂ ಐದೂಮುಕ್ಕಾಲಿಗೆ ಇಟ್ಟಿದ್ದೇನೆ.