ಅಮಟೆಕಾಯಿ ಸಿಕ್ಕಿತು, ಕೂಗು ಸಿಗಲಿಲ್ಲ

"ಅಮ್ಮ, ಇಲ್ಲಿನ ಭೂಮಿತಾಯಿಗೆ ಕನ್ನಡ ತಿಳಿಯುತ್ತದೆಯೇ?"

ಭೂಮಿತಾಯಿಗೆ ಉಣಬಡಿಸುವ ಭೂಮಿ ಹುಣ್ಣಿಮೆಯ ಕಡುಬಿಗೆ ಸೌತೆಕಾಯಿ ತುರಿಯುತ್ತಿದ್ದವಳ ಕೈ ನಿಂತಿತು. ಮಗನಿಗೆ ಏಳು ವರ್ಷ. ಹುಟ್ಟಿದ್ದೇ ಗುವಾಹಾಟಿಯಲ್ಲಿ. ಯಾರ ಹತ್ತಿರ ಯಾವ ಮಾತು ಎಂಬ ಲೆಕ್ಕ ಅವನಿಗೆ ದಿನವೂ ಬೇಕು. "ತಿಳಿಯುತ್ತದೆ" ಎಂದೆ. ಅಷ್ಟು ಬೇಗ ಹೇಳಬಾರದಿತ್ತೇನೋ.

ಅರಿಶಿನದ ಎಲೆ ಸಿಕ್ಕಿತ್ತು, ಬಾಳೆಎಲೆಗೆ ಇಲ್ಲಿ ಬರವಿಲ್ಲ. ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಎಳೆ ಬರೆದದ್ದೂ ಆಗಿತ್ತು. ಅಮಟೆಕಾಯಿ ಮಾತ್ರ ಇರಲಿಲ್ಲ. ಸಾಗರದ ನಮ್ಮ ಮನೆಯಲ್ಲಿ ಅದಿಲ್ಲದೆ ಭೂಮಿ ಹುಣ್ಣಿಮೆಯ ಅಡುಗೆ ಮುಗಿದದ್ದೇ ಇಲ್ಲ. ಎದುರುಮನೆಯ ಬಾಯ್ದೇವ್ (ಇಲ್ಲಿ ಅಕ್ಕನನ್ನು ಕರೆಯುವುದು ಹೀಗೆ) ಮುಂದೆ ನನ್ನ ಹರಕು ಅಸ್ಸಾಮಿಯಲ್ಲಿ ಹಸಿರು, ಹುಳಿ, ಒಳಗೆ ನಾರಿನ ಓಟೆ ಎಂದು ಕೈಸನ್ನೆ ಮಾಡಿದೆ. "ಅಮೊರಾ!" ಎಂದವರು ಸಂಜೆಯೊಳಗೆ ಅಣ್ಣನ ಮನೆಯ ಮರದಿಂದ ಒಂದು ಚೀಲ ತರಿಸಿಕೊಟ್ಟರು. ಅಮಟೆ, ಅಮೊರಾ. 2,000 ಕಿಲೋಮೀಟರಿಗೂ ಆಚೆ ಕಾಯಿಯ ರುಚಿಯೂ ಅದೇ, ಹೆಸರಿನ ಮೊದಲ ತುತ್ತೂ ಅದೇ. ನನ್ನ ಸಾಗರ ಅವರ ಬಾಯಲ್ಲಿ 'ಹಾಗೊರ್' ಎಂದು ಕೇಳಿಸುತ್ತದೆ. ಅಸ್ಸಾಮಿಯ ಸಕಾರ ಗಂಟಲಿಗೆ ಇಳಿದಿದೆ. ಮೊದಲೆಲ್ಲ ತಿದ್ದುತ್ತಿದ್ದೆ, ಈಗಿಲ್ಲ. ಹಳಗನ್ನಡದ ಪಾಲನ್ನು ಹಾಲು ಮಾಡಿಕೊಂಡವರು ನಾವು.

ಅವರದು ಕಾತಿ ಬಿಹು ಹಬ್ಬದ ಸಮಯ, ತುಳಸಿಯ ಮುಂದೆ ದೀಪ. ಅವರ ಅಜ್ಜ ಗದ್ದೆಯಲ್ಲಿ ನಿಂತು, ಬಿದಿರಿನ ತುಂಡು ತಿರುಗಿಸುತ್ತ, ಪೈರಿಗೆ ಹುಳು ಹತ್ತದಿರಲೆಂದು ಮಂತ್ರ ಕೂಗುತ್ತಿದ್ದರಂತೆ. ಅವರದು ಅಟ್ಟುವ ಕೂಗು, ನಮ್ಮದು ಉಣ್ಣಲು ಕರೆಯುವ ಕೂಗು. ಇಬ್ಬರೂ ಕೊರಳು ಬಿಚ್ಚುವುದು ಒಡೆ ತುಂಬಿದ ಅದೇ ಭತ್ತಕ್ಕಾಗಿ. "ನಿಮ್ಮದನ್ನು ಒಮ್ಮೆ ಕೂಗಿ ತೋರಿಸಿ" ಎಂದರು. ನಾನು ಒಲೆ ನೋಡುವ ನೆಪದಲ್ಲಿ ಒಳಗೆ ಬಂದುಬಿಟ್ಟೆ.

ಅಪ್ಪಯ್ಯ ಕೂಗುತ್ತಿದ್ದರು. ಬೆಳಕು ಹರಿಯುವ ಮೊದಲು, ಮಂಜಿನಲ್ಲಿ, ಬುಟ್ಟಿ ಹೊತ್ತು ಬದುವಿನ ಮೇಲೆ ನಡೆಯುತ್ತ, "ಅಚ್ಚಂಬಲಿ, ಹಾಲಂಬಲಿ..." ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಗುಡ್ಡದಾಚೆಯ ಗದ್ದೆಯಿಂದ ಇನ್ಯಾರದೋ ಕೂಗು ಏಳುತ್ತಿತ್ತು. ಉರಿಯುವ ಸೂಡಿ ಹಿಡಿದು ಹಿಂದೆ ಹೋಗುತ್ತಿದ್ದವಳು ನಾನು. "ನೀನೂ ಕೂಗೇ" ಎನ್ನುತ್ತಿದ್ದರು. ಹೈಸ್ಕೂಲಿಗೆ ಹೋಗುವ ಹುಡುಗಿಗೆ ನಾಚಿಕೆ. ಅವರಿಗೆ ಗೊತ್ತಾಗದಂತೆ ಬರೀ ತುಟಿ ಆಡಿಸುತ್ತಿದ್ದೆ. ಬಹುಶಃ ಗೊತ್ತಾಗುತ್ತಿತ್ತು.

ಈಗ ಆ ಗದ್ದೆ ಅಡಿಕೆ ತೋಟವಾಗಿದೆ. ಅಪ್ಪಯ್ಯ ಹೋಗಿ ಆರು ವರ್ಷ. ಅವರ ಫೋಟೊಗಳಿವೆ, ಸಹಿಯಿದೆ. ದನಿ ನಮ್ಮ ಯಾರ ಮೊಬೈಲಿನಲ್ಲೂ ಇಲ್ಲ. ಮುಂದಿನ ಸಾಲು ಕೇಳೋಣವೆಂದು ತಮ್ಮನಿಗೆ ಫೋನ್ ಮಾಡಿದೆ. "ನಿನಗೆ ಗೊತ್ತಿರಬಹುದು ಎಂದುಕೊಂಡಿದ್ದೆ ಅಕ್ಕ" ಎಂದ.

ನಸುಕಿನಲ್ಲಿ ಐದನೆಯ ಮಹಡಿಯ ಬಾಲ್ಕನಿಯಲ್ಲಿ, ತುಳಸಿ ಕುಂಡದ ಮಣ್ಣಿನಲ್ಲಿ ಒಂದು ಚೂರು ಕಡುಬು ಹುದುಗಿಸಿದೆ. ಅಕ್ಕಪಕ್ಕದವರು ಏಳದಿರಲೆಂದು ಪಿಸುದನಿಯಲ್ಲಿ ಹೇಳಿಕೊಟ್ಟೆ. ಮಗ ಕಂಬಿ ಹಿಡಿದು, ಕುತ್ತಿಗೆಯ ನರ ಉಬ್ಬುವಂತೆ ಕೂಗಿದ: "ಅಚ್ಚಂಬಲಿ! ಹಾಲಂಬಲಿ!" ಎದುರು ಬಾಲ್ಕನಿಯ ಬಾಗಿಲು ತೆರೆದು ಬಾಯ್ದೇವ್ ಸೆರಗು ತಲೆಯ ಮೇಲೆಳೆದು ನಿಂತರು.

"ಮುಂದೇನಮ್ಮ?" ಎಂದು ಮಗ ನನ್ನ ಮುಖ ನೋಡುತ್ತಿದ್ದ.